ನನ್ನ ಹೆಸರಿಗೆ ಬಂದ ಬೈಕು

ಇಪ್ಪತ್ತು ವರ್ಷಕ್ಕೂ ಮೇಲೆ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಎಂಜಿನ್ನಿನ ಪಾಠ ಬಂದರೆ ಪುಸ್ತಕ ಮುಚ್ಚಿಟ್ಟು ಬೋರ್ಡಿನ ಮೇಲೆ ಸಿಲಿಂಡರು, ಪಿಸ್ಟನ್ನು, ಹೊಗೆ ಹೋಗುವ ದಾರಿ ಎಲ್ಲವನ್ನೂ ಬಿಡಿಸುತ್ತೇನೆ. ಹಾಗಾಗಿ ಹಳೆಯ ಬೈಕೊಂದನ್ನು ಮನೆಯಲ್ಲೇ ಬಿಚ್ಚಿ ಹೊಸದರಂತೆ ಮಾಡುವುದು ಒಂದು ಬೇಸಿಗೆ ರಜೆಯ ಕೆಲಸ ಎಂದು ನಂಬಿದ್ದೆ. ಅಲ್ಲಿಯವರೆಗೆ ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದಿರಲಿಲ್ಲ ಎಂಬುದೊಂದೇ ಕೊರತೆ. ಅದನ್ನು ಕೊರತೆ ಎಂದು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಗ್ಯಾರೇಜು ಮೊದಲೇ ಇತ್ತು. ಅಫಜಲಪುರದಲ್ಲಿ ಮನೆ ಕಟ್ಟಿಸುವಾಗ, ಮುಂದೆ ಕಾರು ಬಂದೀತು ಎಂದು ಶಟರ್ ಹಾಕಿಸಿದ ಕೋಣೆ. ಕಾರು ಬರಲಿಲ್ಲ. ತೊಗರಿಯ ಚೀಲಗಳು ಬಂದವು, ಕೆಟ್ಟ ಕೂಲರ್ ಬಂತು. ಆದರೂ ಮನೆಯವರೆಲ್ಲ ಅದನ್ನು ಗ್ಯಾರೇಜು ಎಂದೇ ಕರೆಯುತ್ತಿದ್ದೆವು.

ಬೈಕು ಸಿಕ್ಕಿದ್ದು ಸರಸಂಬಾದ ಒಬ್ಬ ರೈತರ ದನದ ಕೊಟ್ಟಿಗೆಯಲ್ಲಿ. ಎರಡು ಸೈಲೆನ್ಸರಿನ ಗಾಡಿ. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ತಿರುಗಿಸಿದರೆ ಗೇರಿನ ಕಡ್ಡಿಯಾಗುತ್ತದೆ. ನನ್ನ ಹುಡುಗಾಟದ ದಿನಗಳಲ್ಲಿ ಆ ಸದ್ದು ಕೇಳಿದರೆ ಆಟ ಬಿಟ್ಟು ರಸ್ತೆಗೆ ಓಡುತ್ತಿದ್ದೆವು. ಅಂಥದ್ದೊಂದು ಈಗ ಹೊಟ್ಟಿನ ಚೀಲಗಳ ನಡುವೆ ಟಾಯರಿಲ್ಲದೆ ನಿಂತಿತ್ತು. ಒಯ್ಯುತ್ತೇನೆ ಎಂದೆ.

"ಒಯ್ರಿ ಸರ. ಆದ್ರ ಇನ್ನೂ ಎಂಟು ದಿನ ಬಿಟ್ಟು ಬರ್ರಿ," ಎಂದರು ರೈತರು.

"ಯಾಕ್ರಿ?"

"ಕೋಳಿ ಕಾವಿಗೆ ಕುಂತದ."

ನೋಡಿದರೆ, ಸೀಟಿನ ಸ್ಪಂಜು ಕಿತ್ತುಹೋದ ಗುಂಡಿಯಲ್ಲಿ ಕೋಳಿಯೊಂದು ನನ್ನನ್ನೇ ದಿಟ್ಟಿಸುತ್ತ ಕುಳಿತಿತ್ತು. ಎಂಟು ದಿನ ಕಾದೆ. ಮರಿಗಳು ಹೊರಬಂದ ಮೇಲೆ ಟೆಂಪೋ ತೆಗೆದುಕೊಂಡು ಹೋಗಿ ಗಾಡಿ ತಂದೆ. ನನ್ನ ಹೆಂಡತಿ ತಾಲ್ಲೂಕಿನ ಆಸ್ಪತ್ರೆಯೊಂದರಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದವಳು ಶಟರಿನ ಬಳಿ ನಿಂತು, ಗಾಯಾಳುವನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದಳು.

"ಇದು ಬದುಕ್ತದೇನ್ರಿ?" ಎಂದಳು.

"ರಜಾ ಮುಗಿಯೂದ್ರೊಳಗ ನಿನ್ನ ಕೂಡಿಸ್ಕೊಂಡು ಸೊನ್ನಕ್ಕ ಹೋಗಿ ಬರ್ತೇನಿ," ಎಂದೆ. ಅಲ್ಲಿಯ ಬ್ಯಾರೇಜಿನ ನೀರು ನೋಡುವ ಆಸೆ ಅವಳಿಗೆ ಇತ್ತು.

ಆಳಂದದಲ್ಲಿ ಒಬ್ಬ ಉಸ್ತಾದರಿದ್ದರು. ಜೀವಮಾನವೆಲ್ಲ ಇಂಥ ಗಾಡಿಗಳನ್ನೇ ರಿಪೇರಿ ಮಾಡಿದವರು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದರು. ಫೋನಿನಲ್ಲಿ ಸಲಹೆ ಕೊಡುತ್ತಿದ್ದರು. ನಾನು ಫೋನ್ ಮಾಡಿ ಗಾಡಿಯ ವರ್ಣನೆ ಮಾಡಿದೆ. ಅವರು ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಸರ, ನಾ ಬರೂತನಕ ಏನೂ ಬಿಚ್ಚಬ್ಯಾಡ್ರಿ."

ಆ ಭಾನುವಾರ ನಾನು ಎಲ್ಲವನ್ನೂ ಬಿಚ್ಚಿದೆ. ಬಿಚ್ಚುವುದು ಎಷ್ಟು ಸಲೀಸು ಎಂದರೆ, ಇಷ್ಟು ದಿನ ಮೆಕ್ಯಾನಿಕ್ಕುಗಳು ನಮ್ಮನ್ನು ಸುಮ್ಮನೆ ಹೆದರಿಸಿದ್ದಾರೆ ಅನ್ನಿಸಿತು. ನೆಲದ ಮೇಲೆ ಹಳೆಯ ಲುಂಗಿ ಹಾಸಿ ನಟ್ಟು, ಬೋಲ್ಟು, ವಾಷರು, ಹಲ್ಲಿನ ಚಕ್ರಗಳನ್ನೆಲ್ಲ ಗುಡ್ಡೆ ಹಾಕಿದೆ. ಯಾವುದು ಎಲ್ಲಿಯದು ಎಂದು ಬರೆದಿಡಲಿಲ್ಲ. ತತ್ವ ಗೊತ್ತಿದ್ದವನಿಗೆ ಚೀಟಿ ಯಾಕೆ? ಸೀಮೆಎಣ್ಣೆಯಲ್ಲಿ ತೊಳೆದೆ, ಒರೆಸಿದೆ, ಮೂರು ವಾರ ಕೂತು ಮತ್ತೆ ಜೋಡಿಸಿದೆ. ಎಂಜಿನ್ ಮುಚ್ಚಿದ ಮೇಲೆ ಲುಂಗಿಯ ಮೇಲೆ ನಾಲ್ಕು ಸಾಮಾನು ಉಳಿದವು. ಉಸ್ತಾದರಿಗೆ ಫೋನ್ ಹಚ್ಚಿದೆ.

"ಎಷ್ಟು ಉಳದಾವ್ರಿ?"

"ನಾಕು."

"ಬಹುತ್ ಅಚ್ಛಾ. ಅವತ್ತೇ ಕಂಪನಿಯವ್ರು ಹೆಚ್ಚಿಗಿ ಹಾಕಿರಬೇಕು," ಎಂದರು. ಆಮೇಲೆ, "ನಾಳಿ ಮುಂಜಾನಿ ಬಸ್ಸಿಗೆ ಬರ್ತೇನಿ. ಕೈ ಹಚ್ಚಬ್ಯಾಡ್ರಿ, ನಿಮಗ ಕೈಮುಗೀತೇನಿ," ಎಂದರು.

ಬಿಳಿ ಗಡ್ಡದ, ತೆಳ್ಳಗಿನ ಮನುಷ್ಯ. ಗ್ಯಾರೇಜಿಗೆ ಬಂದು ಎಂಜಿನ್ನಿನ ಮೈಮೇಲೆ ಅಂಗೈ ಆಡಿಸಿದರು. ನನ್ನ ಕಡೆ ತಿರುಗಿ, "ಸರ, ಟಾರ್ಚ್ ಅದ ಏನು? ಛಲೋ ಆತು. ನೀವು ಟಾರ್ಚ್ ಹಿಡೀರಿ," ಎಂದರು. ನಾನು ಮುಚ್ಚಿದ್ದ ಎಂಜಿನ್ನನ್ನು ಮತ್ತೆ ಬಿಚ್ಚಿದರು. ಸಣ್ಣ ಸಾಮಾನಿಗೆ ಮಾತ್ರ ಅವರಿಗೆ ಕಣ್ಣಿನ ಸಹಾಯ ಬೇಕಿತ್ತು. ಚಹಾ ತಂದಿದ್ದ ಹೆಂಡತಿಯನ್ನು, "ಬೇಟಿ, ಈ ಸಣ್ಣ ಸ್ಪ್ರಿಂಗ್ ಎಲ್ಲಿ ಕೂಡ್ತದ, ಸ್ವಲ್ಪ ನೋಡು," ಎಂದು ಕರೆದರು. ಅವಳು ಕಪ್ಪು ಕೆಳಗಿಟ್ಟು ಬಗ್ಗಿದಳು. ಅಲ್ಲಿಗೆ ನನ್ನ ಗ್ಯಾರೇಜು ಕೈತಪ್ಪಿತು.

ಅವಳು ಮಾಡಿದ ಮೊದಲ ಕೆಲಸವೆಂದರೆ ನನ್ನ ಲುಂಗಿ ಮಡಚಿಟ್ಟದ್ದು. ಸ್ಟೀಲಿನ ತಾಟುಗಳು ಬಂದವು. ಗುಳಿಗೆ ಕಟ್ಟಿಕೊಡುವಂಥ ಪುಟ್ಟ ಕಾಗದದ ಲಕೋಟೆಗಳು ಬಂದವು. ಪ್ರತಿ ನಟ್ಟೂ ಲಕೋಟೆ ಸೇರಿ, ಅದರ ಮೇಲೆ ಅವಳ ದುಂಡಗಿನ ಅಕ್ಷರದಲ್ಲಿ "ಎಡಗಡೆ, ಮೇಲಿನದು" ಎಂಬಂಥ ವಿಳಾಸ ಬಂತು. ಉಸ್ತಾದರು ನಮ್ಮಲ್ಲೇ ನಾಲ್ಕು ದಿನ ಉಳಿದರು. ಆಮೇಲೆ ಎರಡು ತಿಂಗಳು ವಾರಕ್ಕೊಮ್ಮೆ ಬಂದು ಹೋದರು. ನಡುವಿನ ದಿನಗಳಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ತೊಗರಿ ಚೀಲದ ಮೇಲೆ ಇಟ್ಟುಕೊಂಡು ಅವಳೇ ಮಾಡುತ್ತಿದ್ದಳು. ನನ್ನ ರಜೆ ಮುಗಿದು ಕಾಲೇಜು ಶುರುವಾಯಿತು. ಸಂಜೆ ಬಂದವನು ಟಾರ್ಚ್ ಹಿಡಿಯುತ್ತಿದ್ದೆ. ನಡುನಡುವೆ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುತ್ತಲೂ ಇದ್ದೆ.

"ಬೆಳಕು ಅಳ್ಳಾಡ್ತದ್ರಿ," ಎನ್ನುತ್ತಿದ್ದಳು.

ಗಾಡಿ ಶುರು ಮಾಡುವ ದಿನ ಉಸ್ತಾದರು ಮೊದಲ ಕಿಕ್ಕಿನ ಗೌರವವನ್ನು ನನಗೇ ಬಿಟ್ಟರು. ಅಂಗಿ ಬೆನ್ನಿಗೆ ಅಂಟುವವರೆಗೆ ಹೊಡೆದೆ. ಅದು ಕೆಮ್ಮಲೂ ಇಲ್ಲ.

"ನೀವು ಸಿಟ್ಟಿನಿಂದ ಹೊಡೀತೀರಿ ಸರ," ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಹೆಂಡತಿಗೆ ಹೇಳಿಕೊಟ್ಟರು. "ಮೆಲ್ಲಕ ಒತ್ತು ಬೇಟಿ. ಒಳಗ ತಡೀತದಲ್ಲ? ಅಲ್ಲಿ ನಿಲ್ಲು. ಹಾಂ, ಈಗ ಭಾರ ಬಿಡು." ಮೂರನೆಯ ಸಲಕ್ಕೆ ಗ್ಯಾರೇಜಿನ ತುಂಬ ನೀಲಿ ಹೊಗೆ. ಉಸ್ತಾದರು ಕಣ್ಣು ಮುಚ್ಚಿ ಸದ್ದು ಕೇಳುತ್ತ ನಿಂತರು. ಹೆಂಡತಿ ಕೆಮ್ಮುತ್ತ ನಗುತ್ತಿದ್ದಳು. ನನಗೂ ನಿಜವಾಗಿ ಸಂತೋಷವಾಯಿತು. ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಆ ಚಳಿಗಾಲದಲ್ಲಿ ಜೇವರ್ಗಿಯಲ್ಲಿ ಅವಳ ಬಸುರಿ ತಂಗಿಯ ಕುಬಸವಿತ್ತು. ಬಸ್ಸು ಬೇಡ, ಗಾಡಿಯ ಮೇಲೇ ಹೋಗೋಣ ಎಂದು ನಾನೇ ಹಟ ಹಿಡಿದೆ. ಅವಳು ರೇಷ್ಮೆ ಸೀರೆ ಉಟ್ಟು ಹಿಂದೆ ಕುಳಿತಳು. ಊರು ದಾಟುವವರೆಗೆ ಜನ ತಿರುಗಿ ನೋಡಿದರು, ನಾನೂ ಎದೆ ಉಬ್ಬಿಸಿಕೊಂಡು ಓಡಿಸಿದೆ. ಅರ್ಧ ದಾರಿಯಲ್ಲಿ, ಹತ್ತಿ ಹೊಲಗಳ ನಡುವೆ, ಎಂಜಿನ್ ಒಮ್ಮೆ ಬಿಕ್ಕಳಿಸಿ ಸುಮ್ಮನಾಯಿತು.

ನಾನು ಕಾರಣಗಳನ್ನು ಯೋಚಿಸತೊಡಗಿದೆ. ಅವಳು ಚೀಲದಿಂದ ಪಾನಾ ತೆಗೆದು ಪ್ಲಗ್ ಬಿಚ್ಚಿ, ಸೀರೆಯ ಪಿನ್ನು ಕಳಚಿ, ಪ್ಲಗ್ಗಿನ ತುದಿಯಲ್ಲಿ ಕಟ್ಟಿದ್ದ ಮಸಿಯನ್ನು ಕೆರೆಯತೊಡಗಿದಳು. ಅಷ್ಟರಲ್ಲಿ ಟ್ರ್ಯಾಕ್ಟರೊಂದು ಬಂದು ನಿಂತಿತು. ಓಡಿಸುತ್ತಿದ್ದವರು ಅವಳ ತಲೆಯ ಮೇಲಿಂದ ನನ್ನನ್ನು ಕೇಳಿದರು: "ಏನಾತ್ರಿ ಸರ? ಪೆಟ್ರೋಲ್ ನೋಡೀರಿ?"

"ಪ್ಲಗ್ಗಿಗೆ ಮಸಿ ಕಟ್ಟೇದ್ರಿ," ಎಂದಳು ಅವಳು.

"ಪ್ಲಗ್ ಬಿಚ್ಚಿ ನೋಡ್ರಿ ಸರ, ಮಸಿ ಕಟ್ಟಿರ್ತದ," ಎಂದು ನನಗೆ ಸಲಹೆ ಕೊಟ್ಟು ಅವರು ಹೊರಟರು. ಅವಳು ಪ್ಲಗ್ ಹಾಕಿ ಕಿಕ್ ಹೊಡೆದಳು. ನಾನು ಓಡಿಸಿದೆ.

ಜೇವರ್ಗಿಯಲ್ಲಿ ಗಾಡಿ ನಿಲ್ಲಿಸುವುದೇ ತಡ, ಮನೆಯ ಗಂಡಸರೆಲ್ಲ ಕುಬಸದ ಚಪ್ಪರ ಬಿಟ್ಟು ಹೊರಗೆ ಬಂದರು. ಹಣೆಗೆ ವಿಭೂತಿ ಹಚ್ಚಿಕೊಂಡು ಮಾವನವರು ಮುಂದೆ ನಿಂತಿದ್ದರು. "ಅಳಿಯಂದ್ರು ಮನ್ಯಾಗೇ ಕುಂತು, ಸ್ವತಃ ರೆಡಿ ಮಾಡ್ಯಾರ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಹೆಂಡತಿ ಬಚ್ಚಲಿನಲ್ಲಿ ಬೆರಳಿನ ಕಪ್ಪು ತಿಕ್ಕಿ ತೊಳೆಯುತ್ತಿದ್ದುದು ನನಗೆ ಕಾಣುತ್ತಿತ್ತು. ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ಮಾವಾರ, ಗಾಡಿ ನಾ ಮಾಡಿದ್ದಲ್ರಿ. ನಿಮ್ಮ ಮಗಳು ಮಾಡಿದ್ದು. ನಾ ಬರೇ ಟಾರ್ಚ್ ಹಿಡದೀನಿ."

ಸಾಲಿನವರೆಲ್ಲ ನಕ್ಕರು. ಮಾವನವರ ಕಣ್ಣು ತುಂಬಿ ಬಂತು. "ನೋಡ್ರಿ, ಎಷ್ಟು ವಿನಯ!" ಎಂದು ಪಕ್ಕದವರಿಗೆ ಹೇಳಿದರು. "ಹೆಂಡ್ತಿ ಹೆಸರು ಮುಂದ ಮಾಡೋ ಗಂಡಸರು ಈಗ ಎಲ್ಲಿ ಸಿಗ್ತಾರ?" ನನ್ನ ಮರ್ಯಾದೆ ಇನ್ನೂ ಒಂದು ಗೇಣು ಏರಿತು. ಮತ್ತೊಮ್ಮೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೋಳಿಗೆ ಬಡಿಸುತ್ತ ಬಂದ ಹೆಂಡತಿ, "ಸುಮ್ಮಕ ಉಣ್ರಿ. ಮತ್ತ ಹೇಳಿದ್ರ ಹಾರಾ ಹಾಕ್ತಾರ," ಎಂದು ಮೆಲ್ಲಗೆ ಅಂದು ಮುಂದೆ ಹೋದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹದಿನೈದು ದಿನದ ಮೇಲೆ ಕಾಲೇಜಿನಿಂದ ಬಂದು ಶಟರ್ ಎತ್ತಿದರೆ, ಒಳಗೆ ತುಕ್ಕು ಹಿಡಿದ ಹಳೆಯ ಸ್ಕೂಟರೊಂದು ನಿಂತಿತ್ತು. ಆಸ್ಪತ್ರೆಗೆ ಬಂದ ಯಾರೋ ಅಜ್ಜನ ಮನೆಯ ಹಿತ್ತಲಲ್ಲಿತ್ತಂತೆ. ನನ್ನನ್ನು ಕೇಳದೆಯೇ ತರಿಸಿದ್ದಳು. ಫೋನು ಸ್ಪೀಕರಿನಲ್ಲಿತ್ತು. "ಸರ ಅವ್ರಿಗಿ ಬಿಚ್ಚಾಕ ಕೊಡಬ್ಯಾಡ ಬೇಟಿ," ಎಂದು ಉಸ್ತಾದರು ಹೇಳುತ್ತಿದ್ದರು. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ, ಅಥವಾ ತಿಳಿದೇ ಹೇಳಿದರೇನೋ.

ನನಗೆ ಈ ಸಲ ಬಡ್ತಿ ಸಿಕ್ಕಿದೆ. ಮಡ್‌ಗಾರ್ಡುಗಳ ತುಕ್ಕನ್ನು ಪಾಲಿಶ್ ಕಾಗದದಿಂದ ತಿಕ್ಕುವ ಕೆಲಸ. ಮುಂದಿನ ಚಕ್ರದ್ದು ನಿನ್ನೆ ಮುಗಿಯಿತು. ತೋರಿಸಿದೆ. ಅವಳು ಅದರ ಒಳಮೈಗೆ ಬೆರಳು ಆಡಿಸಿ ನೋಡಿ, "ಇನ್ನೊಂದು ಸಲ ತಿಕ್ರಿ," ಎಂದಳು.