ಭೀಮೆಯ ಆಚೆ ದಂಡೆಯ ಕೊರಡು

ಸಂಕ್ರಾಂತಿಯ ಮುಳುಗು ಹಾಕಲು ಆಳಂದದಿಂದ ಅಫಜಲಪುರದ ಬಳಿಯ ಭೀಮಾ ದಂಡೆಗೆ ಬಂದಿದ್ದೆವು. ಮೈಗೆಲ್ಲ ಅರೆದ ಎಳ್ಳು ಹಚ್ಚಿಕೊಂಡ ಮೊಮ್ಮಗಳು ಸಹನಾ ಮೊಣಕಾಲುದ್ದ ನೀರಿಗಿಳಿದಳು.

"ಮಾವಾರ, ಹೊಳ್ಯಾಗ ಮೊಸಳಿ ಅವಂತ್ರಿ," ಎಂದಳು ಸೊಸೆ.

"ನಿನ್ನ ದನಿ ಕೇಳಿದ್ರ ಮೊಸಳೀನ ಓಡ್ತದ, ಸುಮ್ಮನಿರವ್ವ," ಎಂದೆ.

ಅಷ್ಟರಲ್ಲಿ ಆಚೆ ಮರಳಿನ ಮೇಲಿದ್ದ ಕೊರಡು ನೀರಿಗೆ ಜಾರಿತು. ನೀರ ಮೇಲೊಂದು ಗೆರೆ ನೇರವಾಗಿ ಸಹನಾಳತ್ತ ಬರತೊಡಗಿತು. ಧುಮುಕಿ ಅವಳ ರಟ್ಟೆ ಹಿಡಿದೆಳೆದೆ. ಇಬ್ಬರೂ ದಂಡೆಯ ಕೆಸರಿಗೆ ಬಿದ್ದೆವು. ಗೆರೆ ಅಳಿಸಿಹೋಯಿತು.

ಸೊಸೆ ನನಗೆ ಎಳ್ಳು-ಬೆಲ್ಲ ಕೊಡಲು ಬಂದಳು. "ನಿಮ್ಮ ಕಣ್ಣು ಚುರುಕ ಅವಂತ ಕೂಸು ಉಳೀತ್ರಿ."

ಬಂದಾಗಲೇ ಆ ಕೊರಡು ಬಾಯಿ ತೆರೆದದ್ದನ್ನು ಕಂಡಿದ್ದೆ. ಹೇಳಿದರೆ ಎಲ್ಲರೂ ಮುಳುಗು ಹಾಕದೆ ಮರಳುತ್ತಾರೆಂದು ಸುಮ್ಮನಿದ್ದೆ.

"ನಾ ಅದನ್ನ ಮೊದಲೇ ನೋಡಿದ್ನವ್ವ," ಎಂದೆ.

ಎಳ್ಳು-ಬೆಲ್ಲ ಹಿಡಿದ ಅವಳ ಕೈ ಅಲ್ಲೇ ನಿಂತಿತು.