ಆಚೆ ಕೂತ ದೊರೆಸಾನಿ

ಸೇವೆ ಮಾಡಲೆಂದು ಸಮುದ್ರ ದಾಟಿ ಬಂದವಳು ಅವಳು. ಆದರೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವಳ ಟ್ರಂಕಿನ ಒಂದು ಹಿಡಿಕೆ ಹಿಡಿದುಕೊಂಡು ಜಟಕಾದವರೆಗೆ ಏದುಸಿರು ಬಿಡುತ್ತ ನಡೆದವಳು ನಾನು. ಟ್ರಂಕಿನ ತುಂಬ ಇದ್ದದ್ದು ಪುಸ್ತಕಗಳೆಂದು ಆಮೇಲೆ ತಿಳಿದಾಗ ಇನ್ನಷ್ಟು ಸಿಟ್ಟು ಬಂತು.

ಅರವತ್ತರ ದಶಕದ ಆ ವರ್ಷಗಳಲ್ಲಿ ನಾನು ಬಂಗಾರಪೇಟೆಗೂ ಚಿನ್ನದ ಗಣಿಗೂ ನಡುವಿನ ಒಂದು ಹಳ್ಳಿಯಲ್ಲಿ ಗ್ರಾಮಸೇವಕಿಯಾಗಿದ್ದೆ. ಹೆಸರಿಗೆ ಒಂದು ಹಳ್ಳಿ, ನಡೆಯುವ ಕಾಲಿಗೆ ಸುತ್ತಲಿನ ಅಷ್ಟೂ ಹಳ್ಳಿ. ಹೊಗೆ ಬಾರದ ಒಲೆ ಹಾಕಿಸುವುದು, ಮಕ್ಕಳಿಗೆ ಹಾಲಿನ ಪುಡಿ ಕದಡಿ ಕುಡಿಸುವುದು, ಮಹಿಳಾ ಮಂಡಳಿಯಲ್ಲಿ ಹೆಂಗಸರನ್ನು ಕೂಡಿಸಿ ಬುದ್ಧಿ ಹೇಳುವುದು ನನ್ನ ಕೆಲಸ. ಮುಟ್ಟಾದಾಗ ಮೂರು ದಿನ ಆಚೆ ಕೂರುವ ಪದ್ಧತಿಯನ್ನು ಬಿಡಿ ಎಂಬ ಭಾಷಣ ನನಗೆ ಬಾಯಿಪಾಠವಾಗಿತ್ತು. ಅದನ್ನು ಹೇಳುವಾಗ ನನಗೆ ನಿಜವಾಗಿಯೂ ಮೈ ಉರಿಯುತ್ತಿತ್ತು. ತೌರುಮನೆಯಲ್ಲಿ ಮಳೆಗಾಲದ ಇರಚಲಿನಲ್ಲಿ ಗೋಣಿಚೀಲದ ಮೇಲೆ ಮುದುಡಿ ಕೂತವಳು ನಾನು. ಕೆಲಸ ಸಿಕ್ಕ ದಿನವೇ, ಇನ್ನು ಸತ್ತರೂ ಆಚೆ ಕೂರುವುದಿಲ್ಲ ಎಂದು ಅಮ್ಮನ ಮುಖಕ್ಕೆ ಹೇಳಿ ಬಂದಿದ್ದೆ. ಕೆಲಸವೇನೋ ಸಿಕ್ಕಿತು. ಅದರ ಜೊತೆಗೆ ಎಂದೂ ಹೋಗದ ಒಂದು ಸುಸ್ತೂ ಸಿಕ್ಕಿತು.

ಅಂಥ ಹೊತ್ತಿನಲ್ಲಿ ಬ್ಲಾಕ್ ಆಫೀಸಿನ ಸಾಹೇಬರು ಈ ಹುಡುಗಿಯನ್ನು ನನ್ನ ತಲೆಗೆ ಕಟ್ಟಿದರು. ಆಗತಾನೆ ಕಾಲೇಜು ಮುಗಿಸಿದ್ದ ಹೊರದೇಶದ ಸ್ವಯಂಸೇವಕಿ. ಎರಡು ವರ್ಷ ನನ್ನ ಜೊತೆಗಿದ್ದು ಮಕ್ಕಳ ಹಾಲಿನ ಕೇಂದ್ರ ನಡೆಸಬೇಕು. “ಚೆನ್ನಾಗಿ ನೋಡ್ಕೊಳ್ಳಿ ಮೇಡಂ, ತಾಲ್ಲೂಕಿನ ಮರ್ಯಾದೆ,” ಎಂದರು ಸಾಹೇಬರು. ತಾಲ್ಲೂಕಿನ ಮರ್ಯಾದೆಗೆ ಬೆಳಿಗ್ಗೆ ಬಿಸಿನೀರು ಕಾಯಿಸಬೇಕಾದವಳು ಯಾರು ಎಂದು ಅವರು ಹೇಳಲಿಲ್ಲ.

ನಾನಿದ್ದದ್ದು ಒಬ್ಬ ಅಜ್ಜಿಯ ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ. ಒಂದನ್ನು ಹುಡುಗಿಗೆ ಬಿಟ್ಟುಕೊಟ್ಟೆ. ಅಜ್ಜಿ ಹರೆಯದಲ್ಲಿ ಚಿನ್ನದ ಗಣಿಯ ಮೈಸೂರು ಮೈನ್ಸಿನ ಯಾವುದೋ ಸಾಹೇಬರ ಬಂಗಲೆಯಲ್ಲಿ ಆಯಾ ಆಗಿದ್ದವಳು. ಬಿಳಿಯರ ವಿಷಯದಲ್ಲಿ ಊರಿಗೆಲ್ಲ ಅವಳ ಮಾತೇ ಕೊನೆಯದು. ಹುಡುಗಿ ಬಾವಿಯಿಂದ ತಾನೇ ನೀರು ಸೇದುವುದನ್ನು ಎರಡು ದಿನ ನೋಡಿ ಅವಳು ತೀರ್ಪು ಕೊಟ್ಟಳು.

“ಇವ್ಳೆಂತಾ ದೊರೆಸಾನಿ? ದೊರೆ ಇಲ್ಲ, ಬಟ್ಲರ್ ಇಲ್ಲ. ಅವರೂರಾಗೆ ಏನೋ ತಪ್ಪು ಮಾಡವ್ಳೆ ಕಣೇ. ಅದ್ಕೇ ಇಲ್ಲಿಗೆ ಅಟ್ಟವ್ರೆ.”

ಊರು ಇದನ್ನು ಒಪ್ಪಿಕೊಂಡಿತು. ತಪ್ಪು ಏನೆಂದು ಕಂಡುಹಿಡಿಯಲು ಹೆಂಗಸರು ಪಾಳಿಯ ಮೇಲೆ ಬಂದು ಅವಳ ಬಾಗಿಲಲ್ಲಿ ಕೂತರು. ಅವಳು ಹಲ್ಲುಜ್ಜಿದರೆ ನೋಡಿದರು, ಓದಿದರೆ ನೋಡಿದರು, ಮುದ್ದೆಯನ್ನು ಅಗಿದರೆ ಬಿದ್ದು ಬಿದ್ದು ನಕ್ಕರು. ಕೂದಲು ಮುಟ್ಟಿದರು, ತೋಳು ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷೆ ಮಾಡಿದರು. ನಸುಕಿನಲ್ಲಿ ಬಯಲಿಗೆ ಹೋಗುವಾಗಲೂ ಪಾಪ, ಹೊಸಬಳು ಒಬ್ಬಳೇ ಹೋಗಬಾರದೆಂದು ಸುತ್ತ ನಾಲ್ಕು ಜನ. ಇದರಲ್ಲಿ ಕೆಟ್ಟತನ ಒಂದಿಷ್ಟೂ ಇರಲಿಲ್ಲ. ನಮ್ಮಲ್ಲಿ ಹೊಸ ಸೊಸೆಯನ್ನೂ ಹೀಗೆಯೇ ನೋಡುತ್ತಾರೆ. ಆದರೆ ಸೊಸೆ ತಲೆ ಬಗ್ಗಿಸಿ ತಡೆದುಕೊಳ್ಳುತ್ತಾಳೆ, ಇವಳಿಗೆ ಅದು ಬರಲಿಲ್ಲ.

ಎರಡು ತಿಂಗಳಲ್ಲಿ ಹುಡುಗಿಯ ಮುಖ ಬತ್ತಿಹೋಯಿತು. ಭಾನುವಾರ ಮಾರಿಕುಪ್ಪಂ ರೈಲು ಹತ್ತಿಸಿ ಬ್ರೆಡ್ಡಿಗಾಗಿ ರಾಬರ್ಟ್‌ಸನ್‌ಪೇಟೆಗೆ ಕರೆದುಕೊಂಡು ಹೋಗುತ್ತಿದ್ದೆ. ನನಗಿದ್ದ ಒಂದೇ ರಜೆಯೂ ಅದಕ್ಕೇ ಹೋಯಿತು. ಅಲ್ಲೂ ಅವಳ ಹಿಂದೆ ಜನ. ಒಂದು ಸಂಜೆ ಅವಳು ಕೋಣೆಯ ಬಾಗಿಲು ಹಾಕಿ ಚಿಲಕ ಜಡಿದಳು. ದೀಪ ಹಚ್ಚುವ ಹೊತ್ತು. ಅಜ್ಜಿ ಬಂದು ದಬದಬ ಬಡಿದಳು.

“ಸಂಜೆ ಹೊತ್ನಾಗೆ ಬಾಗ್ಲಾಕ್ತಾರೇನೇ? ಲಕ್ಷ್ಮಿ ಬರೋ ಹೊತ್ತು! ನನ್ ಮನೆ ಆಳು ಮಾಡ್ತೀಯಾ?”

ಬಾಗಿಲು ತೆರೆದ ಹುಡುಗಿ ಗಳಗಳ ಅಳುತ್ತಿದ್ದಳು. ಮಾರನೆಯ ದಿನ ಅರ್ಧ ಊರಿನ ತಾಯಂದಿರು ಮಕ್ಕಳನ್ನು ಹಾಲಿಗೆ ಕಳಿಸಲಿಲ್ಲ. ನಮ್ಮ ಮುಖಕ್ಕೆ ಬಾಗಿಲು ಹಾಕಿದಳು ಎಂದು ಅವರಿಗೆ ಬೇಸರ.

“ಅಕ್ಕಾ, ನಾನು ವಾಪಸು ಹೋಗುತ್ತೇನೆ,” ಎಂದಳು ಅವಳು, ಪುಸ್ತಕದಿಂದ ಕಲಿತ ಕನ್ನಡದಲ್ಲಿ. “ನನಗೆ ಯಾರ ಮೇಲೂ ಕೋಪ ಇಲ್ಲ. ನನಗೆ ಸ್ವಲ್ಪ ಯಾರೂ ಬೇಡ. ಅಷ್ಟೇ.”

ಅವಳನ್ನು ಕಳಿಸಿದ್ದ ಸಂಸ್ಥೆಯ ಅಧಿಕಾರಿ ದೀಪಾವಳಿ ಕಳೆದ ಮೇಲೆ ಬೆಂಗಳೂರಿನಿಂದ ಬರುವವರಿದ್ದರು. ಇರುತ್ತೀಯೋ, ಹೋಗುತ್ತೀಯೋ ಎಂದು ಅವರು ಕೇಳುತ್ತಾರೆ, ಹೋಗುತ್ತೇನೆ ಎಂದು ಇವಳು ಹೇಳುತ್ತಾಳೆ. ಹಾಲಿನ ಕೇಂದ್ರ ನಡೆಯುತ್ತಿದ್ದದ್ದು ಅವಳ ಲೆಕ್ಕದಲ್ಲಿ. ಅವಳು ಹೋದರೆ ಅದೂ ಮುಚ್ಚುತ್ತದೆ. ಹೊಟ್ಟೆಯುಬ್ಬಿ ಕೈಕಾಲು ಕಡ್ಡಿಯಾಗಿದ್ದ ಮಕ್ಕಳು ಆಗತಾನೆ ಸ್ವಲ್ಪ ಮೈ ತುಂಬಿಕೊಳ್ಳುತ್ತಿದ್ದವು. ಅವಳು ತೊಲಗಿದರೆ ಸಾಕು ಎಂದು ದಿನಕ್ಕೊಮ್ಮೆ ಅಂದುಕೊಳ್ಳುತ್ತಿದ್ದ ನನಗೇ ಅವಳು ಹೋಗುವುದು ಬೇಡವಾಗಿತ್ತು.

ಆ ವಾರವೇ ಅವಳು ಮುಟ್ಟಾದಳು. ಹಿಂದಿನ ಸಲವೆಲ್ಲ ನಾವಿಬ್ಬರೂ ಗುಟ್ಟಾಗಿ ನಿಭಾಯಿಸಿದ್ದೆವು. ಈ ಸಲ ಅಜ್ಜಿಯ ಕಣ್ಣಿಗೆ ಬಿತ್ತು. ಹಿತ್ತಲ ಮೂಲೆಯಲ್ಲಿ ಹುಣಸೆಮರದ ಕೆಳಗೆ ಒಂದು ಗುಡ್ಲು ಇತ್ತು. ಗರಿಯ ಸೂರು, ಮಣ್ಣಿನ ಗೋಡೆ, ಒಳಗೊಂದು ಚಾಪೆ, ಒಂದು ಮಡಕೆ, ಒಂದು ತಟ್ಟೆ. ಆ ಓಣಿಯ ಹೆಂಗಸರೆಲ್ಲ ಸರದಿಯಲ್ಲಿ ಕೂರುತ್ತಿದ್ದದ್ದು ಅಲ್ಲೇ. ಹುಡುಗಿ ಅಲ್ಲಿಗೆ ಹೋಗಬೇಕೆಂದು ಅಜ್ಜಿ ಹಟ ಹಿಡಿದಳು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತೆ. ಇಷ್ಟು ದಿನ ಮಾಡಿದ ಭಾಷಣವನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದೆ.

ಹುಡುಗಿ ನಡುವೆ ಬಾಯಿ ಹಾಕಿದಳು. “ಅಲ್ಲಿ ಜನ ಬರುತ್ತಾರೆಯೇ?”

“ಯಾರ್ ಬತ್ತಾರೆ? ಮೂರ್ ದಿನ ಒಂದ್ ನರಪಿಳ್ಳೆ ಅತ್ರ ಸುಳಿಯಲ್ಲ,” ಎಂದಳು ಅಜ್ಜಿ ಗದರಿಸುತ್ತ.

“ಮುಟ್ಟುವುದಿಲ್ಲವೇ? ಮಾತಾಡಿಸುವುದಿಲ್ಲವೇ? ಕೆಲಸ ಹೇಳುವುದಿಲ್ಲವೇ?”

“ಇಲ್ವೇ ಇಲ್ಲ.”

ಅವಳು ಒಳಗೆ ಹೋಗಿ ಟ್ರಂಕಿನಿಂದ ಒಂದು ದಪ್ಪ ಪುಸ್ತಕ ತೆಗೆದುಕೊಂಡು ನನ್ನ ಮುಂದೆಯೇ ಹಿತ್ತಲಿಗೆ ನಡೆದುಬಿಟ್ಟಳು. ನಾನು ಸೆರಗು ಸಿಕ್ಕಿಸಿಕೊಂಡು ನಿಂತೇ ಇದ್ದೆ. ಅಜ್ಜಿ ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ.

ಮೂರು ದಿನ ಅವಳು ಓದಿದಳು, ನಿದ್ದೆ ಮಾಡಿದಳು, ಮರ ನೋಡುತ್ತ ಸುಮ್ಮನೆ ಕೂತಳು. ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಾಗ ಬೇರೆ ಮನುಷ್ಯಳೇ ಆಗಿದ್ದಳು. ಮಕ್ಕಳಿಗೆ ಹಾಡು ಹೇಳಿಕೊಟ್ಟಳು, ಹೆಂಗಸರು ಕೂದಲು ಹಿಡಿದು ಜಡೆ ಹಾಕಿದರೂ ನಗುತ್ತ ಕೂತಳು. ದೊರೆಸಾನಿ ನಮ್ಮ ಪದ್ಧತಿಗೆ ಮರ್ಯಾದೆ ಕೊಟ್ಟಳೆಂದು ಊರು ಕರಗಿ ನೀರಾಯಿತು. ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ತಾವೇ ಬಂದರು.

ಎಡವಟ್ಟಾದದ್ದು ಆಮೇಲೆ. ಹದಿನೈದು ದಿನ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಅವಳು ಅಜ್ಜಿಯ ಎದುರು ನಿಂತು, “ನಾನು ಆಚೆ,” ಎಂದು ಗಂಭೀರವಾಗಿ ಹೇಳಿ ಪುಸ್ತಕ ಹಿಡಿದು ಹೊರಟಳು. ಅಜ್ಜಿ ದಾರಿ ಬಿಟ್ಟಳು. ಮತ್ತೆ ಒಂದು ವಾರ ಕಳೆಯುವಷ್ಟರಲ್ಲಿ, “ನಾನು ಆಚೆ.” ನನಗೆ ವಿಷಯ ಹೊಳೆಯಿತು. ಹೊಳೆದರೂ ಬಾಯಿ ಬಿಡುವಂತಿರಲಿಲ್ಲ.

ಊರಿಗೆ ಮಾತ್ರ ಗಾಬರಿಯಾಯಿತು. ಹುಡುಗಿಗೆ ರಕ್ತ ಹೋಗುವ ಕಾಯಿಲೆ ಎಂದು ಸುದ್ದಿ ಹಬ್ಬಿತು. ಒಬ್ಬಳು ದಾಸವಾಳದ ಮೊಗ್ಗು ಅರೆದು ಹಾಲಿಗೆ ಹಾಕಿ ತಂದಳು, ಇನ್ನೊಬ್ಬಳು ಬಾಳೆಹೂವಿನ ಪಲ್ಯ ತಂದಳು, ಮತ್ತೊಬ್ಬಳು ಬೂದುಗುಂಬಳದ ರಸ. ಗುಡ್ಲಿನಿಂದ ಒಂದು ಮಾರು ದೂರದಲ್ಲಿ ಸಾಲಾಗಿ ಕೂತು, ಕುಡಿ ಕುಡಿ ಎಂದು ಕೂಗುತ್ತಿದ್ದರು. ಯಾರೂ ಸುಳಿಯದ ಜಾಗ ಜಾತ್ರೆಯಾಯಿತು. ಅವಳು ಎಲ್ಲವನ್ನೂ ಕುಡಿದು ಹೊಟ್ಟೆ ಹಿಡಿದುಕೊಂಡು ಮಲಗಿದಳು. ಅದನ್ನು ಕಂಡು ಇನ್ನಷ್ಟು ಜನ ಬಂದರು.

“ಬೆಂಗ್ಳೂರು ದೊರೆ ಬತ್ತಾನಲ್ಲ, ಅವ್ನ ಜತೆ ಕಳಿಸ್ಬಿಡಾನ,” ಎಂದಳು ಅಜ್ಜಿ, ಕಣ್ಣಲ್ಲಿ ನೀರು ತುಂಬಿಕೊಂಡು. “ಹೆತ್ತವ್ರು ಏನಂದಾರು? ಆಸ್ಪತ್ರೆಗೆ ಸೇರಿಸ್ಲಿ.”

ಹೆಂಗಸರೆಲ್ಲ ಹೌದು ಹೌದು ಎಂದರು. ಅಧಿಕಾರಿ ಬರುವುದು ಎರಡೇ ದಿನದಲ್ಲಿ. ಈಗ ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಊರೇ ಅವಳನ್ನು ಪ್ರೀತಿಯಿಂದ ಗಾಡಿ ಹತ್ತಿಸುವುದರಲ್ಲಿತ್ತು. ನನಗೆ ಬೇರೆ ದಾರಿ ಉಳಿಯಲಿಲ್ಲ. ಹಿತ್ತಲಲ್ಲಿ ನಿಂತೇ ಹೇಳಿಬಿಟ್ಟೆ.

“ಅವಳಿಗೆ ಏನೂ ಆಗಿಲ್ಲ. ಸುಳ್ಳು ಹೇಳಿದ್ದಾಳೆ. ಅವಳಿಗೆ ಸುಸ್ತು. ಒಂದಷ್ಟು ಹೊತ್ತು ಯಾರೂ ಇಲ್ಲದ ಕಡೆ ಇರಬೇಕು ಅನ್ನಿಸಿದೆ, ಅಷ್ಟೇ.”

ಗುಡ್ಲಿನ ಬಾಗಿಲಲ್ಲಿ ಹುಡುಗಿ ಪುಸ್ತಕವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಇಂಥ ವಿಷಯದಲ್ಲಿ ಸುಳ್ಳೇ ಎಂದು ಹೆಂಗಸರು ಈಗ ಸಿಡಿಯುತ್ತಾರೆ, ಇವತ್ತಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ಆಗ ಹಿಂದಿನ ಸಾಲಿನಲ್ಲಿದ್ದ, ದಿನಾ ರೈಲುಹಾದಿಗೆ ಜಲ್ಲಿ ಒಡೆಯಲು ಹೋಗುತ್ತಿದ್ದ ಆರು ಮಕ್ಕಳ ತಾಯಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

“ಅಯ್ಯೋ, ಇಷ್ಟೇನಾ? ನಾನು ಮೂರ್ ದಿನಾನ ಯಾವಾಗ್ಲೂ ನಾಲ್ಕು ಮಾಡ್ತೀನಿ. ಇನ್ನೂ ನಿಂತಿಲ್ಲ ಅತ್ತೇ ಅಂತೀನಿ. ಅತ್ತೇನೇ ಮುದ್ದೆ ತಿರುವ್ತಾಳೆ.”

“ನಾನು ರಾಗಿ ಬೀಸೋ ದಿನ ನೋಡ್ಕೊಂಡೇ ಆಚೆ ಆಗೋದು,” ಎಂದಳು ಇನ್ನೊಬ್ಬಳು.

ಆಮೇಲೆ ಒಬ್ಬೊಬ್ಬರದೇ ಹೊರಬಿತ್ತು. ಕೂಲಿಗೆ ಹೋಗುವುದಂತೂ ತಪ್ಪುತ್ತಿರಲಿಲ್ಲ, ಆದರೆ ಬಂದ ಮೇಲೆ ಒಲೆಯಿಲ್ಲ, ನೀರಿಲ್ಲ, ಗಂಡನ ಕರೆಯಿಲ್ಲ. ಆ ಓಣಿಯಲ್ಲಿ ದಿನ ಎಳೆಯದವಳು ಒಬ್ಬಳೂ ಇರಲಿಲ್ಲ. ವರ್ಷಾನುಗಟ್ಟಲೆ ನಾನು ಯಾರಿಗೆ ಭಾಷಣ ಮಾಡುತ್ತಿದ್ದೆ ಎಂದು ನನಗೆ ಆ ಮಧ್ಯಾಹ್ನ ಗೊತ್ತಾಯಿತು. ಆ ಗುಡ್ಲಿನ ಮೇಲೆ ನನಗಿದ್ದ ಸಿಟ್ಟು ಹೋಗಲಿಲ್ಲ. ಅದಕ್ಕಿಂತ ಒಳ್ಳೆಯ ಜಾಗ ಇವರಿಗೆ ಎಲ್ಲೂ ಇಲ್ಲವಲ್ಲ ಎಂಬ ಸಿಟ್ಟು ಅದರ ಜೊತೆ ಸೇರಿಕೊಂಡಿತು.

ಎಲ್ಲರೂ ನಕ್ಕು ಮುಗಿಸುವವರೆಗೆ ಅಜ್ಜಿ ಬಿಗಿದುಕೊಂಡು ನಿಂತಿದ್ದಳು. ಆಮೇಲೆ ಹುಡುಗಿಯ ಕಡೆ ತಿರುಗಿ ಗದರಿದಳು.

“ಸುಳ್ಳೇಳಿದ್ರೂ ಒಂದು ಲೆಕ್ಕ ಬ್ಯಾಡ್ವೇನೇ? ತಿಂಗ್ಳಿಗೆ ಮೂರ್ ಸಲ ಅಂದ್ರೆ ಯಾರ್ ನಂಬ್ತಾರೆ? ಸಂತೆ ದಿನ ಕೂತ್ಕೋ. ಗಂಡುಸ್ರೆಲ್ಲ ಬಂಗಾರಪೇಟೆಗೆ ಓಗಿರ್ತಾರೆ. ಯಾರಾನಾ ಕೇಳಿದ್ರೆ ಆಚೆ ಕೂತವ್ಳೆ ಅಂತ ನಾವೇಳ್ತೀವಿ. ಅದುನ್ನ ಇನ್ನೊಂದ್ ಸಲ ಕೇಳೋ ಗಂಡ್ಸು ಇನ್ನೂ ಉಟ್ಟಿಲ್ಲ.”

ಅಧಿಕಾರಿ ಬಂದರು. ಹುಡುಗಿ ಇಳಿದುಹೋಗಿದ್ದಾಳೆ, ಆರೋಗ್ಯ ಹೇಗಿದೆ ಎಂದು ಹೆಂಗಸರನ್ನು ವಿಚಾರಿಸಿದರು. ನಾನು ಕನ್ನಡಕ್ಕೆ ತಿರುಗಿಸುವ ಮುಂಚೆಯೇ ಅಜ್ಜಿ ಬಂಗಲೆಯ ಇಂಗ್ಲಿಷ್ ತೆಗೆದಳು. “ಗುಡ್ ಮಿಸ್ಸಿ ಸಾರ್. ಈಟಿಂಗ್ ಗುಡ್, ಸ್ಲೀಪಿಂಗ್ ಗುಡ್.” ಹುಡುಗಿ ಇರುತ್ತೇನೆ ಎಂದಳು. ಎರಡು ವರ್ಷ ಇದ್ದಳು. ಸಂತೆಯ ದಿನ ಮಧ್ಯಾಹ್ನ ಹಿತ್ತಲ ಕಡೆ ಯಾರೂ ಹೋಗುತ್ತಿರಲಿಲ್ಲ. ಟ್ರಂಕಿನ ಪುಸ್ತಕಗಳೆಲ್ಲ ಅಲ್ಲೇ ಓದಿ ಮುಗಿದವು.

ಅವಳು ಹೊರಡುವ ಮುಂಚಿನ ಚಳಿಗಾಲ. ಬ್ಲಾಕ್ ಆಫೀಸಿನ ಮೀಟಿಂಗು ಮುಗಿಸಿಕೊಂಡು ಬಂಗಾರಪೇಟೆಯಿಂದ ನಡೆದೇ ಬಂದಿದ್ದೆ. ಬೆಳಿಗ್ಗೆಯಿಂದ ಹೊಟ್ಟೆಗೆ ಕಾಫಿ ಬಿಟ್ಟು ಏನೂ ಬಿದ್ದಿರಲಿಲ್ಲ. ಪಾದ ಊದಿ ಚಪ್ಪಲಿಯ ಪಟ್ಟಿ ಒಳಗಿಳಿದಿತ್ತು. ಅಜ್ಜಿ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಿ ನನ್ನನ್ನೇ ನೋಡಿದಳು.

“ಅಮ್ಮಣ್ಣೀ, ಆಚೆ ಆಗಿದ್ದೀಯಾ?”

“ಇಲ್ಲವಲ್ಲ ಅಜ್ಜಿ.”

“ಆಗಿದ್ದೀನಿ ಅನ್ನು.”

ನಾನು ಆ ಭಾಷಣ ಮಾಡುವವಳು. ಸತ್ತರೂ ಕೂರುವುದಿಲ್ಲ ಎಂದು ಅಮ್ಮನಿಗೆ ಹೇಳಿ ಬಂದವಳು. ಬಾಯಿ ತೆರೆದೆ, ಭಾಷಣದ ಮೊದಲ ಮಾತೂ ನೆನಪಾಗಲಿಲ್ಲ. ಸುಸ್ತಾಗಿದೆ ಎಂದು ನೇರವಾಗಿ ಹೇಳಿ ಮಲಗುವ ಹೆಂಗಸನ್ನು ಆ ಊರಿನಲ್ಲಿ ನಾನು ಕಂಡಿರಲಿಲ್ಲ. ಅದನ್ನು ಹೇಳುವ ಧೈರ್ಯ ಸಂಬಳ ಎಣಿಸುವ ನನಗೂ ಇರಲಿಲ್ಲ.

“ಆಗಿದ್ದೀನಿ,” ಎಂದೆ.

ಹುಡುಗಿ ಒಳಗಿನಿಂದ ಬಂದು ನನ್ನ ಕೈಚೀಲ ತೆಗೆದುಕೊಂಡಳು. ಮುಂದೆ ಹೋಗಿ ಗುಡ್ಲಿನಲ್ಲಿ ಚಾಪೆ ಹಾಸಿ, ತನ್ನ ಕಂಬಳಿಯನ್ನು ಅದರ ಮೇಲೆ ಇಟ್ಟು ಹೊರಟುಹೋದಳು. ನಾನು ಒಳಗೆ ಹೋಗಿ ಉರುಳಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಯಾರೋ ಗಂಡಸು ಮುಂಬಾಗಿಲಿಗೆ ಬಂದು, ಮೇಡಮ್ಮ ಇದ್ದಾರಾ, ಒಂದು ಸೈನು ಬೇಕಿತ್ತು ಎಂದದ್ದು ಕೇಳಿಸಿತು. ನಾನು ಅಭ್ಯಾಸಬಲದಿಂದ ಎದ್ದು ಕೂತೆ.

“ಅವ್ಳು ಆಚೆ ಕೂತವ್ಳೆ, ಓಗು,” ಎಂದಳು ಅಜ್ಜಿ.

ಗಂಡಸಿನ ಚಪ್ಪಲಿಯ ಸದ್ದು ದೂರವಾಯಿತು. ನಾನು ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದೆ.