ಮುದುಕಿಯ ತೆಂಗಿನಕಾಯಿ

ಹಿಮಾಲಯದಲ್ಲಿ ಒಬ್ಬಳೇ ವಾರಗಟ್ಟಲೆ ನಡೆಯಬೇಕೆಂದು ನಿಶ್ಚಯಿಸಿದ ಮೇಲೆ, ಅಭ್ಯಾಸಕ್ಕೆ ನನಗೆ ಸಿಕ್ಕಿದ್ದು ನೆತ್ತಿಯಲ್ಲಿ ಗುಡಿಯಿರುವ ನಮ್ಮ ಮಸ್ಕಿಯ ಗುಡ್ಡವೊಂದೇ. ಲಿಂಗಸುಗೂರಿನ ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಹೇಳಿ, ಬಸ್ಸಿನಲ್ಲೂ ನಿಂತೇ ಊರಿಗೆ ಬಂದು, ಬೆನ್ನಚೀಲಕ್ಕೆ ಜೋಳ ತುಂಬಿಕೊಂಡು ಸಂಜೆ ಮೆಟ್ಟಿಲು ಹತ್ತುತ್ತಿದ್ದೆ. ಕಾಲು ನನ್ನ ಮಾತು ಕೇಳುತ್ತಿರಲಿಲ್ಲ.

ಓಣಿಯವರಿಗೆ ಮಾತ್ರ ಇದು ಅನುಕೂಲವಾಯಿತು. “ಹೆಂಗೂ ಮ್ಯಾಲೆ ಹೊಂಟೀಯಲ್ಲ, ನಂದೊಂದು ಕಾಯಿ ಒಡಿಸ್ಕೊಂಡು ಬಾರವ್ವಾ” ಎಂದು ಎದುರುಮನೆಯ ಮುದುಕಿ ಶುರು ಮಾಡಿದಳು. ಮರುದಿನದಿಂದ ಉಳಿದ ಮನೆಗಳ ಕಾಯಿಗಳೂ ಬಂದವು. ಜೋಳ ತೆಗೆದಿಟ್ಟೆ, ಕಾಯಿಗಳ ಭಾರವೇ ಸಾಕಾಗಿತ್ತು. ಪೂಜಾರಿ ಅವನ್ನು ಒಡೆದು ಅರ್ಧ ಹೋಳು ಇಟ್ಟುಕೊಂಡು ಅರ್ಧ ಕೊಡುತ್ತಿದ್ದ. ಮೊಣಕಾಲು ನೋಯುತ್ತಿದ್ದರೂ ಅವನ್ನು ಹೊತ್ತು ಇಳಿದು ಮನೆಮನೆಗೆ ಮುಟ್ಟಿಸಬೇಕಿತ್ತು. ಒಬ್ಬಳೇ ನಡೆಯುವುದನ್ನು ಕಲಿಯಲು ಹೊರಟವಳಿಗೆ ಇದೆಂಥ ಪೀಡೆ ಎಂದು ಗೊಣಗುತ್ತಿದ್ದೆ.

ಹಿಮಾಲಯಕ್ಕೆ ಹೊರಡುವ ಹಿಂದಿನ ದಿನವೂ ಮುದುಕಿ ಕಾಯಿ ಹಿಡಿದು ಬಂದಳು.

“ನಾ ನಡಿಯೋ ದಾರ್ಯಾಗ ಗುಡಿ ಇಲ್ಲಬೇ ಯಮ್ಮಾ, ಪೂಜಾರಿನೂ ಇರಂಗಿಲ್ಲ. ನಾ ಒಬ್ಬಾಕೀನ ಇರ್ತೀನಿ” ಎಂದೆ.

ಅವಳು ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಹಂಗಾದ್ರ ನೀನ ಒಡಿ. ಅರ್ಧ ನೀ ತಿನ್ನು. ಇನ್ನರ್ಧ ಒಣಗಿದ್ರೂ ಅಡ್ಡಿಯಿಲ್ಲ, ನೀನ ಬಂದು ನನ್ನ ಕೈಯಾಗ ಕೊಡು.”

ಭಾರ ತಗ್ಗಿಸಲೆಂದು ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೂ ಕತ್ತರಿಸಿದ್ದ ನಾನು, ಸ್ವೆಟರೊಂದನ್ನು ತೆಗೆದು ಆ ಕಾಯಿಗೆ ಜಾಗ ಮಾಡಿದೆ.